ಕಾಶವ್ವ ಕಿತ್ತ ಕೊಂಡಿ

“ಹೊಲಸು ಅಂದ್ರ ಬರೇ ಗಟಾರದಾಗ ಇರತೈತಿ ಅಂತ ತಿಳಕೊಂಡೀರಿ ನೀವು. ನಿಮ್ಮ ಮನ್ಯಾಗ ಬಂದು ತೋರಸ್ಲ್ಯಾ? ಸ್ಟೋದ ಮ್ಯಾಲ ಬೆರಳ ಇಟ್ರ ಬೆರಳ ಬಿಡಂಗಿಲ್ಲ, ಅಷ್ಟು ಜಿಡ್ಡ. ಅದರ ಬಾಜೂಕ ಚಿಮಣಿ ಎಣ್ಣಿ ಡಬ್ಬಿ. ಅದಕ್ಕೊಂದು ಬೂಚಿಲ್ಲ, ಹರಕ ಅರಿವಿ ತುರುಕೀರಿ. ಅದರ ನೆತ್ತಿ ಮ್ಯಾಲ ಹಗ್ಗ ಕಟ್ಟಿ ಹಾಸಿಗಿ ಒಣಾ ಹಾಕೀರಿ. ಗ್ವಾಡಿ ಅಂದ್ರ ಬಿದಿರ ತಟ್ಟಿ, ಮಾಳಗಿ ಅಂದ್ರ ಡಾಂಬರ ಕಾಗದ. ಇಂಥಾದ್ರಾಗ ಘಟ ಕೂಡಸ್ತೀರಿ, ಅಂಬಾಭವಾನಿ ಅವ್ವನ ದೀಪ ಹಚ್ಚತೀರಿ, ನವರಾತ್ರಿ ಮುಗಿಯೂತನಕ ಆರಬಾರದು ಅಂತೀರಿ. ಊರಾಗ ನಮ್ಮ ಹಿರ್‍ಯಾರೂ ಹಚ್ಚತಿದ್ರು, ಖರೆ. ದೀಪದ ಮುಂದ ಒಬ್ಬಾಕಿ ಮುದುಕಿ ಗಟ್ಟ್ಯಾಗಿ ಕುಂತಿರತಿದ್ಲು. ಮಣ್ಣಿನ ಗ್ವಾಡಿ, ಮಣ್ಣಿನ ಮಾಳಗಿ. ದೀಪ ಉರುಳಿ ಬಿದ್ರ ಏನ ಉರೀಬೇಕು ಅಲ್ಲಿ, ಮಣ್ಣ? ಇಲ್ಲಿ ದೀಪದ ಮುಂದ ಯಾರನ್ನ ಕುಂದರಸ್ತೀರಿ? ಕೂಸಿನ್ನ! ಎಣ್ಣಿ ಹಾಕ್ಕೋತ ಕುಂದರು ಅಂತೀರಿ, ಹೊರಗಿಂದ ಕೀಲಿ ಜಡೀತೀರಿ, ಕೀಲಿಕೈ ಸೆರಗಿಗೆ ಗಂಟ ಹಾಕ್ಕೊಂಡು ಬಿಲ್ಡಿಂಗ್ ಕೆಲಸಕ್ಕ ಹೋಗತೀರಿ. ಕೂಸು ಒಳಗ, ಬೆಂಕಿ ಒಳಗ, ಎಣ್ಣಿ ಒಳಗ, ಕೀಲಿಕೈ ಮಾತ್ರ ಅಲ್ಲೆಲ್ಲೋ ಪವಯಿದ ಬಿಲ್ಡಿಂಗದಾಗ. ಬೆಕ್ಕು ಸೈತ ಮರೀನ ಬಾಯಾಗ ಕಚಗೊಂಡು ಚಲೋ ಜಾಗಾ ಹುಡುಕತೈತಿ. ನಿಮ್ಮನ್ನ ನೋಡಿದ್ರ ನನಗ ಓಕರಿಕಿ ಬರತೈತಿ. ಥೂ!”

ಇದಿಷ್ಟನ್ನೂ ಕಾಶವ್ವ ಹೇಳಿದ್ದು ಮುಂಬಯಿಯ ವಿಕ್ರೋಳಿಯ ಗುಡ್ಡದ ಇಳಿಜಾರಿನಲ್ಲಿದ್ದ ಒಂದು ನಳದ ಮುಂದೆ, ಎಪ್ಪತ್ತಮೂರನೆಯ ಇಸವಿಯ ನವರಾತ್ರಿ ಇನ್ನೇನು ಬಂತು ಎನ್ನುವ ಹೊತ್ತಿಗೆ. ಕೆಳಗೆ ದೂರದಲ್ಲಿ ಲೋಕಲ್ ಗಾಡಿ ಹೋಗುವ ಸದ್ದನ್ನು ಹೇಗೆ ಕೇಳುತ್ತಿದ್ದರೋ ಹಾಗೆಯೇ ಹೆಂಗಸರು ಅವಳ ಮಾತನ್ನೂ ಕೇಳುತ್ತಿದ್ದರು.

“ಯವ್ವಾ, ನಿನ್ನ ಕೊಡ ತುಂಬಿ ಹರ್‍ಯಾಕತ್ತೈತಿ,” ಎಂದಳು ಪಕ್ಕದ ಜೋಪಡಿಯ ಸುಂದ್ರವ್ವ. “ಬಾಯಿ ಬಂದ್ ಮಾಡದಿದ್ರ ಹೋಗ್ಲಿ, ನಳಾನರೆ ಬಿಡು.”

ಎಲ್ಲರೂ ನಕ್ಕರು. ಕಾಶವ್ವ ಕೊಡ ಎತ್ತಿ ಸೊಂಟಕ್ಕೆ ಇಟ್ಟುಕೊಂಡಳು. “ನಗ್ರಿ, ನಗ್ರಿ. ನಗಾಕರೆ ಬರತೈತಲ್ಲ ನಿಮಗ,” ಎಂದು ಮತ್ತೊಮ್ಮೆ ಉಗುಳಿ ಏರು ಹತ್ತಿದಳು.

ಆ ಜೋಪಡಿ ಸಾಲಿನಲ್ಲಿದ್ದವರೆಲ್ಲ ವಿಜಾಪುರ ಜಿಲ್ಲೆಯ ಇಂಡಿ, ಸಿಂದಗಿ ಕಡೆಯ ಮಂದಿ. ಗುಡ್ಡದ ಕಲ್ಲು ಒಡೆಯಲು ಬಂದವರು, ಕಲ್ಲು ಮುಗಿದ ಮೇಲೆ ಒಡೆದ ಜಾಗದಲ್ಲೇ ತಟ್ಟಿ ನಿಲ್ಲಿಸಿಕೊಂಡು ಉಳಿದವರು. ಕಾಶವ್ವನ ಗಂಡ ಗುರಲಿಂಗಪ್ಪನೂ ಕಲ್ಲು ಒಡೆಯುವವನೇ. ಧೂಳು ಕುಡಿದು ಕುಡಿದು ಎದೆ ಕಟ್ಟಿ ಸತ್ತ. ಅವನ ಹಾರೆ, ಸುತ್ತಿಗೆ ಇನ್ನೂ ಅವಳ ಹೊರಸಿನ ಕೆಳಗೇ ಇದ್ದವು. ಸೊಂಟ ಗಟ್ಟಿ ಇರುವತನಕ ಅವಳು ಸಿಮೆಂಟಿನ ಬುಟ್ಟಿ ಹೊತ್ತಳು. ಆಮೇಲೆ ಹೆಂಡಿರನ್ನು ಊರಲ್ಲಿ ಬಿಟ್ಟುಬಂದ ಗಂಡಸರಿಗೆ ಜೋಳದ ರೊಟ್ಟಿ ಬಡಿದು ಕೊಡುವ ಕೆಲಸ ಹಿಡಿದಳು. ಅವಳ ಒಲೆ ಇದ್ದದ್ದು ಜೋಪಡಿಯಿಂದ ಹೊರಗೆ, ಬಯಲಲ್ಲಿ, ಸುತ್ತಲೂ ಕಲ್ಲು ಜೋಡಿಸಿದ ಕಟ್ಟೆಯ ಮೇಲೆ. ಮಳೆಗಾಲದಲ್ಲಿ ತಲೆಯ ಮೇಲೆ ತಗಡಿನ ಪತ್ರಾ ಅಡ್ಡ ಕಟ್ಟಿಕೊಂಡು ರೊಟ್ಟಿ ಬಡಿಯುತ್ತಿದ್ದಳು, ಒಲೆಯನ್ನು ಮಾತ್ರ ಒಳಗೆ ತರುತ್ತಿರಲಿಲ್ಲ. ಮಂದಿ ಅದಕ್ಕೂ ನಗುತ್ತಿದ್ದರು.

ನಗುವವರು ಜೋಗೇಶ್ವರಿಯಲ್ಲಿ ಇದ್ದವರಲ್ಲ.

ಕಾಶವ್ವ ಮೊದಲು ಇದ್ದದ್ದು ಜೋಗೇಶ್ವರಿಯಲ್ಲಿ, ಸಣ್ಣ ಸಣ್ಣ ಕಾರಖಾನೆಗಳ ಹಿಂದಿನ ಒಂದು ಓಣಿಯಲ್ಲಿ. ಅಲ್ಲಿ ಎದುರು ಮನೆಯವರು ಸಾಯಬಣ್ಣ ಮತ್ತು ಅವನ ಹೆಂಡತಿ ಅಂಬವ್ವ. ಅವರಿಗೆ ಸೋಮಿ ಎಂಬ ಮಗಳು, ಅವಳಿಗಿಂತ ಸಣ್ಣ ಮಗ. ಸಾಯಬಣ್ಣ ಎಲ್ಲಿಂದಲೋ ಒಂದು ಹಿತ್ತಾಳೆಯ ಕೀಲಿ ತಂದಿದ್ದ, ಅಂಗೈ ತುಂಬುವಂಥದ್ದು. “ಇದನ್ನ ಮುರ್‍ಯಾಂವ ಇನ್ನೂ ಹುಟ್ಟಿಲ್ಲ,” ಎಂದು ಓಣಿಗೆಲ್ಲ ತೋರಿಸಿದ್ದ. ನವರಾತ್ರಿಯಲ್ಲಿ ಘಟ ಕೂಡಿಸಿದರು, ದೀಪ ಹಚ್ಚಿದರು, ಸೋಮಿಯನ್ನು ದೀಪ ಕಾಯಲು ಒಳಗೆ ಕೂರಿಸಿದರು, ಕೀಲಿ ಹಾಕಿ, ಸಣ್ಣವನನ್ನು ಜೊತೆಗೆ ಕರೆದುಕೊಂಡು ಕೆಲಸಕ್ಕೆ ಹೋದರು. ಎಲ್ಲರೂ ಮಾಡುವ ಹಾಗೆಯೇ ಮಾಡಿದರು.

ನಡುಮಧ್ಯಾಹ್ನ ಹೊಗೆ ಬಂತು. ಕಾಶವ್ವ ಕೈಗೆ ಹತ್ತಿದ ಹಿಟ್ಟಿನ ಸಮೇತ ಓಡಿದಳು. ಓಣಿಯವರೆಲ್ಲ ಆ ಕೀಲಿಯನ್ನು ಜಗ್ಗಿದರು, ಕಲ್ಲಿನಿಂದ ಹೊಡೆದರು. ಸಾಯಬಣ್ಣ ಹೇಳಿದ್ದು ಸುಳ್ಳಲ್ಲ, ಅದು ಮುರಿಯಲಿಲ್ಲ. ಒಳಗಿನಿಂದ ಸೋಮಿ ಕೂಗುತ್ತಿದ್ದಳು. ಬೆಂಕಿ ಎಂದು ಕೂಗಲಿಲ್ಲ, ತೆಗೀರಿ ಎಂದೂ ಕೂಗಲಿಲ್ಲ. “ನಾ ಕೆಡವಿಲ್ಲ! ದೀಪ ತಾನ ಬಿತ್ತು! ಅವ್ವಗ ಹೇಳಬ್ಯಾಡ್ರಿ!” ಎಂದು ಕೂಗುತ್ತಿದ್ದಳು. ಅವ್ವ ಹೊಡೆಯುತ್ತಾಳೆ ಎಂಬ ಹೆದರಿಕೆಯೇ ಆ ಕೂಸಿಗೆ ಬೆಂಕಿಗಿಂತ ದೊಡ್ಡದಾಗಿತ್ತು. ಆಮೇಲೆ ಕೂಗು ನಿಂತಿತು.

ಕಾಶವ್ವನಿಗೆ ಹೇಸಿಗೆ ಹುಟ್ಟಿದ್ದು ಆ ದಿನವಲ್ಲ. ಆ ದಿನ ಅವಳೂ ಎಲ್ಲರ ಜೊತೆ ಎದೆ ಬಡಿದುಕೊಂಡು ಅತ್ತಳು. ಹೇಸಿಗೆ ಹುಟ್ಟಿದ್ದು ಆಮೇಲೆ. ಅಂಬಾಭವಾನಿಗೆ ಆ ಕೂಸು ಮನಸ್ಸಿಗೆ ಬಂದಿತ್ತು, ಕರೆದುಕೊಂಡಳು ಎಂದು ಓಣಿಯ ಹಿರಿಯರು ಹೇಳಿದರು. ಬೂದಿಯಾದ ಜಾಗದಲ್ಲಿ ಕುಂಕುಮ ಹಚ್ಚಿದ ಕಲ್ಲು ನಿಲ್ಲಿಸಿದರು. ಮರುವರ್ಷ ಅಂಬವ್ವ ಹೊಸ ಜೋಪಡಿಯಲ್ಲಿ ಮತ್ತೆ ಘಟ ಕೂಡಿಸಿದಳು, ಈ ಸಲ ಮಗನನ್ನು ಕಾಯಲು ಕೂರಿಸಿದಳು. ಕಾಶವ್ವ ಹೋಗಿ ನೋಡಿದರೆ ಬಾಗಿಲಿಗೆ ಅದೇ ಹಿತ್ತಾಳೆಯ ಕೀಲಿ. ಸಾಯಬಣ್ಣ ಅದರ ಮಸಿಯನ್ನು ಹುಣಸೆಹಣ್ಣಿನಿಂದ ತಿಕ್ಕಿ ತೆಗೆದಿದ್ದ. ಫಳಫಳ ಹೊಳೆಯುತ್ತಿತ್ತು.

ಆ ವರ್ಷವೇ ಜೋಗೇಶ್ವರಿ ಬಿಟ್ಟಳು, ನವರಾತ್ರಿಯ ದೀಪ ಹಚ್ಚುವುದನ್ನೂ ಬಿಟ್ಟಳು. ಹಿತ್ತಾಳೆಯ ಹೊಳಪು ಕಂಡರೆ ಮುಖ ತಿರುಗಿಸುತ್ತಿದ್ದಳು. ಸೀಮೆಎಣ್ಣೆಯ ವಾಸನೆ ಬಡಿದರೆ ಅದು ಎಲ್ಲಿಂದ ಬಂತು ಎಂದು ಕಾಣುವವರೆಗೆ ಕೂರುತ್ತಿರಲಿಲ್ಲ. ಯಾರ ಮನೆಗೆ ಹೋದರೂ ಮೊದಲು ಮೂಗಿನಿಂದ ಎಳೆದು ನೋಡುತ್ತಿದ್ದಳು. “ಮೂಗಿನ ಕಾಶವ್ವ ಬಂದ್ಲು, ಡಬ್ಬಿ ಮುಚ್ಚಿಡ್ರಿ,” ಎಂದು ಹೆಂಗಸರು ತಮ್ಮತಮ್ಮಲ್ಲಿ ಹೇಳಿಕೊಳ್ಳುವುದು ಅವಳ ಕಿವಿಗೂ ಬಿದ್ದಿತ್ತು.

ಈ ಮೂಗಿನ ಕಾಟವನ್ನು ಎಲ್ಲರಿಗಿಂತ ಹೆಚ್ಚು ತಿಂದವಳು ಸೊಸೆ ಚಂಪಾ. ಬೆಳಗಾದರೆ ಸ್ಟೋ ಒರೆಸಿಲ್ಲ, ಸಂಜೆಯಾದರೆ ಬತ್ತಿ ಕತ್ತರಿಸಿಲ್ಲ, ಉರಿಯುವಾಗ ಎಣ್ಣೆ ಹಾಕಿದೆ, ಸೆರಗು ಸಿಗಿಸಿಲ್ಲ. ಚಂಪಾ ದಿನವಿಡೀ ಸಿಮೆಂಟು ಹೊತ್ತು ಬಂದು ಇದನ್ನು ಕೇಳಬೇಕು. ಕೊನೆಗೆ ಒಂದು ದಿನ ಸ್ಟೋವನ್ನು ಎತ್ತಿ ಗಟಾರಕ್ಕೆ ಬಿಸಾಡಿ, “ನಾಳಿಂದ ನಿಮ್ಮ ಒಲಿ ಬ್ಯಾರೆ, ನಮ್ಮ ಒಲಿ ಬ್ಯಾರೆ,” ಎಂದಳು. ಮಗ ಮರೆಪ್ಪ ಗೌಂಡಿ ಕೆಲಸದವನು, ಮಂದಿಯ ಗೋಡೆ ನೆಟ್ಟಗೆ ಕಟ್ಟುವವನು, ಮನೆಯಲ್ಲಿ ಮಾತ್ರ ಯಾರ ಕಡೆಗೂ ವಾಲದೆ ಬಾಯಿ ಮುಚ್ಚಿಕೊಂಡಿರುವವನು. ಸಾಲಿನ ತುದಿಯಲ್ಲಿ ಬೇರೆ ಜೋಪಡಿ ಎಬ್ಬಿಸಿದ. ಅವರ ಮಗಳು ನೀಲಾವತಿ, ಇನ್ನೂ ಹಾಲುಹಲ್ಲು ಬೀಳುವ ವಯಸ್ಸು, ಎರಡೂ ಒಲೆಯ ರೊಟ್ಟಿ ತಿನ್ನುತ್ತ ಬೆಳೆಯುತ್ತಿದ್ದಳು.

ಅತ್ತೆ ದೀಪ ಬಿಟ್ಟಳು ಎಂದ ಮೇಲೆ ಮನೆತನದ ದೀಪವನ್ನು ಯಾರಾದರೂ ಹಿಡಿಯಬೇಕಲ್ಲ. ಆ ವರ್ಷ ಚಂಪಾ ತಾನೇ ಘಟ ಕೂಡಿಸುತ್ತೇನೆ ಎಂದಳು. ನಳದ ಮುಂದೆ ಕಾಶವ್ವ ಊರಿಗೆಲ್ಲ ಬೈದದ್ದು ಈ ಸುದ್ದಿ ತಿಳಿದ ಬೆಳಿಗ್ಗೆಯೇ. ಊರಿಗೆ ಬೈದದ್ದು ನೆಪಕ್ಕೆ, ಕಣ್ಣು ಸೊಸೆಯ ಮೇಲಿತ್ತು. ಸೊಸೆ ತಲೆ ಎತ್ತದೆ ಕೊಡ ತೊಳೆಯುತ್ತಿದ್ದಳು.

ಘಟ ಕೂತ ದಿನ ಕಾಶವ್ವ ಮರ್ಯಾದೆ ನುಂಗಿಕೊಂಡು ಮಗನ ಬಾಗಿಲಿಗೆ ಹೋದಳು. ಚಂಪಾ ಆಗಲೇ ಬುತ್ತಿ ಕಟ್ಟಿಕೊಂಡು ಬಾಗಿಲೆಳೆಯುತ್ತಿದ್ದಳು.

“ಕೀಲಿಕೈ ನನ್ನ ಕಡೆ ಕೊಟ್ಟು ಹೋಗು ಚಂಪಾ.”

“ಯಾಕ ಅತ್ತಿ? ನಾ ಇಲ್ಲದಾಗ ನನ್ನ ಡಬ್ಬಿ ಗಡಿಗಿ ಎಲ್ಲಾ ಮೂಸಿ ನೋಡಾಕ?”

“ಹಂಗಾರ ನೀಲೀನ್ನ ನನ್ನ ಹತ್ರ ಬಿಡು.”

“ಬಿಟ್ಟಿದ್ದೆ ಒಮ್ಮೆ. ಏನ ಮಾಡಿದ್ರಿ? ಸುಟ್ಟು ಸತ್ತ ಹುಡುಗಿ ಕತಿ ಹೇಳಿ ಕಳಿಸಿದ್ರಿ. ಎಷ್ಟು ದಿನ ಹಾಸಿಗಿ ತೋಯಿಸ್ಯಾಳ ನನ್ನ ಮಗಳು, ಎಷ್ಟು ಸಲ ಚಿಟ್ಟನೆ ಚೀರಿ ಎದ್ದಾಳ! ಆ ಹಾಸಿಗಿ ನೀವು ಒಗದ್ರ್ಯಾ?” ಚಂಪಾ ಕೀಲಿ ತಿರುಗಿಸಿದಳು. “ಮತ್ತ ಈ ದೀಪ ಯಾರದ್ದು? ನಿಮ್ಮ ಮನಿತನದ್ದು. ನೀವು ಕೈ ಬಿಟ್ರಿ, ನನ್ನ ತಲಿ ಮ್ಯಾಲ ಬಂತು. ನಾ ಏನ ತವರಿನಿಂದ ಕಟಗೊಂಡು ಬಂದೀನೇನು?”

ಕಾಶವ್ವ ದಾರಿ ಬಿಡದೆ ಅಡ್ಡ ನಿಂತಳು. ಮರೆಪ್ಪ ಆಚೆ ನಿಂತು, “ಅವ್ವಾ, ಬಿಡು,” ಎಂದ. ಇಬ್ಬರೂ ಇಳಿದು ಹೋದರು.

ಅಂದಿನಿಂದ ಅವಳಿಗೆ ರೊಟ್ಟಿ ಬಡಿಯುವ ನಡುನಡುವೆ ಎದ್ದು ಹೋಗಿ ತಟ್ಟಿಗೆ ಬಾಯಿ ಹಚ್ಚಿ ಮೊಮ್ಮಗಳನ್ನು ಕರೆಯುವುದೇ ಕೆಲಸವಾಯಿತು. ಒಂದು ಮಧ್ಯಾಹ್ನ ಒಳಗಿನಿಂದ ನೀಲಿ ಹಿಂದಿ ಬೆರೆಸಿ ಹೇಳಿದಳು: “ಆಯೀ, ಬೋರ್ ಆಗತೈತಿ. ನಾ ಬಾಹರ್ ಬರ್‍ಲ್ಯಾ?”

“ಹ್ಯಾಂಗ ಬರತಿ ನನ್ನವ್ವಾ? ದೀಪ ಎಲ್ಲೈತಿ? ಅದರಿಂದ ದೂರ ಸರದು ಕುಂದರು.”

“ದೂರ ಕುಂತ್ರ ಎಣ್ಣಿ ಹ್ಯಾಂಗ ಹಾಕ್ಲಿ? ದೀಪ ಮ್ಯಾಲೈತಿ, ನನಗ ನಿಲುಕೂದಿಲ್ಲ. ಕೊಡದ ಮ್ಯಾಲ ನಿಂತು ಹಾಕತೀನಿ.”

“ಮ್ಯಾಲ ಅಂದ್ರ ಎದರ ಮ್ಯಾಲ?”

ನೀಲಿ ತಟ್ಟಿಯ ಹತ್ತಿರಕ್ಕೆ ಬಂದು ಪಿಸುದನಿಯಲ್ಲಿ ಹೇಳಿದಳು: “ಯಾರಿಗೂ ಹೇಳಬ್ಯಾಡ ಅಂದಾಳ ಅವ್ವ. ಡಬ್ಬಿ ಮ್ಯಾಲ. ಡಬ್ಬಿ ಫುಲ್ ಐತಿ. ಮ್ಯಾಲ ಹೊಸಾ ಖಣ ಹಾಸ್ಯಾಳ. ದೇವಿ ಬುಡಕ ಇಟ್ರ ಯಾರೂ ಚೋರಿ ಮಾಡಂಗಿಲ್ಲಂತ.”

ಕಾಶವ್ವ ತಟ್ಟಿಯ ಸಂದಿಗೆ ಕಣ್ಣು ಹಚ್ಚಿದಳು. ಒಳಗೆ ಹಸಿರು ಕುಪ್ಪಸದ ಖಣ ಹೊದೆಸಿದ ಚೌಕು ಡಬ್ಬಿ, ಅದರ ಮೇಲೆ ಪಣತಿ, ಪಕ್ಕದಲ್ಲಿ ಮೊಳಕೆಯೊಡೆದ ಘಟ. ಖಣದ ಒಂದು ಮೂಲೆ ಎಣ್ಣೆ ಕುಡಿದು ಕಪ್ಪಾಗಿತ್ತು. ದೇವಿಯ ದೀಪವನ್ನು ಬರಿ ನೆಲದ ಮೇಲೆ ಇಡಬಾರದು, ಎತ್ತರದಲ್ಲಿ ಇಡಬೇಕು. ಊರಲ್ಲಾದರೆ ಗೋಡೆಯಲ್ಲಿ ದೀಪದ ಗೂಡು ಇರುತ್ತದೆ, ಮಣೆ ಇರುತ್ತದೆ. ಇಲ್ಲಿ ಎತ್ತರದ್ದು ಎಂದರೆ ಈ ಡಬ್ಬಿಯೊಂದೇ. ಆ ವರ್ಷ ರೇಷನ್ ಅಂಗಡಿಯಲ್ಲಿ ಸೀಮೆಎಣ್ಣೆ ಸಿಗುವುದೇ ಕಷ್ಟವಾಗಿತ್ತು. ಸಿಕ್ಕವರು ಸಿಕ್ಕಷ್ಟನ್ನು ಬಚ್ಚಿಡುತ್ತಿದ್ದರು. ಚಂಪಾ ದೇವಿಯನ್ನೇ ಕಾವಲಿಗೆ ಕೂರಿಸಿದ್ದಳು.

ಕಾಶವ್ವನಿಗೆ ಆ ಹಳೆಯ ಹೇಸಿಗೆ ಎದ್ದಿತು. ಜಿಡ್ಡಿಗೆ ಹೊಸ ಬಟ್ಟೆ ಹೊದೆಸಿ ಅದಕ್ಕೆ ಕೈ ಮುಗಿಯುತ್ತಾರೆ. ಮಕ್ಕಳನ್ನು ಅದರ ಪಕ್ಕ ಕೊಡದ ಮೇಲೆ ಹತ್ತಿಸಿ ನಿಲ್ಲಿಸುತ್ತಾರೆ.

ತನ್ನ ಜೋಪಡಿಗೆ ಹೋಗಿ ಹೊರಸಿನ ಕೆಳಗಿನಿಂದ ಗಂಡನ ಹಾರೆ ಎಳೆದಳು. ಸುಂದ್ರವ್ವ ಬಾಗಿಲಲ್ಲಿ ಅಕ್ಕಿ ಆರಿಸುತ್ತ ಕೂತಿದ್ದವಳು, “ಎಲ್ಲಿಗೆ ಹೊಂಟಿ ಯಕ್ಕಾ, ಖಣಿ ಕೆಲಸಕ್ಕ?” ಎಂದು ಚೇಷ್ಟೆ ಮಾಡಿದಳು. ಕಾಶವ್ವ ನೇರ ಸಾಲಿನ ತುದಿಗೆ ನಡೆದಳು. ಮಗನ ಬಾಗಿಲಿನ ಕೀಲಿಯನ್ನು ಮುಟ್ಟಲಿಲ್ಲ, ಕೀಲಿಯ ಗುಣ ಅವಳಿಗೆ ಗೊತ್ತಿತ್ತು. ಕೊಂಡಿ ಕೂತಿದ್ದ ಚೌಕಟ್ಟಿನ ಸಂದಿಗೆ ಹಾರೆಯ ತುದಿ ಕೊಟ್ಟು ಮೈಭಾರ ಬಿಟ್ಟಳು. ಮರ ಸಿಬಿರೆದ್ದು ಕೊಂಡಿ ಮೊಳೆಗಳ ಸಮೇತ ಕಿತ್ತು ಬಂತು. ಕೀಲಿ ಅದಕ್ಕೇ ನೇತಾಡುತ್ತ ಉಳಿಯಿತು.

ನೀಲಿಯನ್ನು ತೋಳು ಹಿಡಿದು ಹೊರಗೆ ದಬ್ಬಿದಳು. ದೀಪದ ಮುಂದೆ ಒಂದು ಗಳಿಗೆ ನಿಂತಳು. ಕೈ ತಾನಾಗಿಯೇ ಹಣೆಗೆ ಹೋಯಿತು. ಹುಟ್ಟಿದಾಗಿನಿಂದ ಮುಗಿದ ಕೈ, ಅದಕ್ಕೆ ಬೇರೆ ಗೊತ್ತಿಲ್ಲ. ಆಮೇಲೆ ಎರಡು ಬೆರಳಿಗೆ ಉಗುಳು ಹಚ್ಚಿ ಬತ್ತಿಯನ್ನು ಹಿಚುಕಿ ಆರಿಸಿದಳು.

“ಯವ್ವಾ! ಯವ್ವಾ! ಅವ್ವನ ದೀಪ ಆರಿಸಿದ್ಲು!” ಬಾಗಿಲಿಗೆ ಬಂದು ನಿಂತಿದ್ದ ಸುಂದ್ರವ್ವ ಬಾಯಿ ಬಡಿದುಕೊಂಡಳು. “ಸರಸಿ ಇಡಬಾರದಾಗಿತ್ತೇನ ಯಕ್ಕಾ? ಕೆಳಗ ಇಡಬಾರದಾಗಿತ್ತ?”

“ಸರಸಿದ್ರ ನಾಳಿ ಮತ್ತ ಅಲ್ಲೇ ಇಡತಾಳ,” ಎಂದಳು ಕಾಶವ್ವ. ಡಬ್ಬಿಯನ್ನು ಎಳೆದುಕೊಂಡು ಹೊರಗೆ ತಂದು ಕಲ್ಲುಗಳ ನಡುವೆ ಇಟ್ಟಳು. ಹೊಸ ಖಣವನ್ನು ಎರಡು ಬೆರಳಲ್ಲಿ ಹಿಡಿದು, ಇಲಿ ಎತ್ತಿ ಹಾಕುವ ಹಾಗೆ, ದೂರ ಬಿಸಾಡಿದಳು.

ಸಂಜೆ ಸಾಲಿನವರೆಲ್ಲ ಕೂಡಿದರು. ಮುಕಾದಮ ಶೆಟ್ಟೆಪ್ಪ ನಡುವೆ ಕೂತ. ಕೂಲಿಗೆ ಮಂದಿಯನ್ನು ಹಚ್ಚುವವನು ಅವನೇ, ಆದ್ದರಿಂದ ನ್ಯಾಯ ಹೇಳುವವನೂ ಅವನೇ. ಚಂಪಾ ಮಗಳನ್ನು ಮಡಿಲಲ್ಲಿ ಒತ್ತಿಕೊಂಡು ಅಳುತ್ತಿದ್ದಳು. “ನನ್ನ ಕೂಸಿಗೆ ಏನರೆ ಆದ್ರ ಇವರನ್ನ ಬಿಡಂಗಿಲ್ಲ ನಾ. ನಡು ನವರಾತ್ರ್ಯಾಗ ದೀಪ ಆರಸ್ಯಾರ, ಸ್ವಂತ ಮನಿ ದೀಪ!”

“ಕಾಶವ್ವಾ, ನೀ ಹಿರ್‍ಯಾಕಿ,” ಎಂದ ಶೆಟ್ಟೆಪ್ಪ. “ಜಗಳ ಬೆಳಸೂದು ಬ್ಯಾಡ. ಅವ್ವನ ಮುಂದ ಹಣಿ ಹಚ್ಚಿ ತಪ್ಪಾತು ಅನ್ನು, ನಿನ್ನ ಕೈಲೇ ಮತ್ತ ದೀಪ ಹಚ್ಚು. ಮುಗೀತು.”

“ಹಚ್ಚತೀನಿ ಬಿಡು. ಈಗ ಹಚ್ಚತೀನಿ. ಖರೆ ನೀ ಒಂದ ಮಾತ ಹೇಳು. ಕೂಸಿನ್ನ ಒಳಗಿಟ್ಟು ಕೀಲಿ ಹಾಕಬ್ಯಾಡ್ರಿ, ಡಬ್ಬಿ ಹೊರಗ ಇಡ್ರಿ ಅಂತ ಇಷ್ಟೂ ಮಂದಿಗೆ ನಿನ್ನ ಬಾಯಿಲೆ ಹೇಳು. ಹೇಳತೀಯೇನು?”

ಶೆಟ್ಟೆಪ್ಪ ಕೆಮ್ಮಿದ. ಸುತ್ತ ನೋಡಿದ. “ಡಬ್ಬಿ ಮಾತ ಇಲ್ಲಿ ತಗೀಬ್ಯಾಡ. ರೇಷನ್ ಮಂದಿ ಕಿವಿಗೆ ಬಿದ್ರ ಎಲ್ಲಾರ ಮನಿ ಹೊಕ್ಕು ಹುಡುಕತಾರ. ಇದು ದೇವರ ಮಾತು, ದೇವರ ಮಾತಷ್ಟ ಆಡು.”

ಕಾಶವ್ವ ಒಬ್ಬೊಬ್ಬರ ಮುಖವನ್ನೂ ನೋಡಿದಳು. ಒಂದೊಂದು ಮುಖದ ಹಿಂದೆಯೂ ಒಂದೊಂದು ಬಚ್ಚಿಟ್ಟ ಡಬ್ಬಿ ಅವಳಿಗೆ ಕಾಣುತ್ತಿತ್ತು. ಶೆಟ್ಟೆಪ್ಪನ ಧೋತರದಿಂದಲೇ ಸೀಮೆಎಣ್ಣೆಯ ವಾಸನೆ ಹೊಡೆಯುತ್ತಿತ್ತು. ಮೈತುಂಬ ವಿಭೂತಿ ಬಳಿದುಕೊಂಡು ಬಂದಿದ್ದ.

“ಹಣಿ ಹಚ್ಚಂಗಿಲ್ಲ ನಾ,” ಎಂದಳು. “ದೇವಿ ಮುಂದ ಹಚ್ಚತಿದ್ದೆ. ನಿಮ್ಮ ಮುಂದ ಹಚ್ಚಂಗಿಲ್ಲ. ನಿಮ್ಮ ಹೊಲಸಿನ ಮ್ಯಾಲ ಕುಂದರಿಸೀರಲ್ಲ ಆಕೀನ್ನ, ತಪ್ಪಾತು ಅನ್ನಾವ್ರು ನೀವು.”

ಅಂದಿನಿಂದ ಅವಳ ರೊಟ್ಟಿ ಯಾರೂ ಕೊಳ್ಳಬಾರದು, ನಳದ ಸಾಲಿನಲ್ಲಿ ಅವಳ ಕೊಡ ಯಾರೂ ಇಡಗೊಡಬಾರದು ಎಂದಾಯಿತು. ಕಾಶವ್ವ ಗುಡ್ಡ ಇಳಿದು ಮರಾಠಿ ಮಂದಿಯ ಚಾಳಿನ ನಳದಿಂದ ನೀರು ತಂದಳು. ರೊಟ್ಟಿಯ ಗಂಡಸರು ಎರಡು ದಿನ ಹೋಟೆಲಿನ ಪಾವು ಬ್ರೆಡ್ಡು ತಿಂದು, ಹೊಟ್ಟೆ ಹಿಡಿದುಕೊಂಡು, ಹಿಂದಿನ ದಾರಿಯಿಂದ ಕಳ್ಳರ ಹಾಗೆ ಬರತೊಡಗಿದರು. “ಅಕ್ಕಾ, ಶೆಟ್ಟೆಪ್ಪಗ ಹೇಳಬ್ಯಾಡ,” ಎನ್ನುವರು. ಅವಳಿಗೆ ಅವರ ಮೇಲೂ ಹೇಸಿಗೆ ಬರುತ್ತಿತ್ತು. ಆದರೂ ರೊಟ್ಟಿ ಕೊಡುತ್ತಿದ್ದಳು.

ನವರಾತ್ರಿ ಮುಗಿಯುವ ಮೊದಲೇ ನೀಲಿಗೆ ಜ್ವರ ಬಂತು. ಸಾಲು ಸಾಲೇ ಅಂಜಿತು. ದೇವಿಯ ಸಿಟ್ಟು ಎಂದರು, ಮುದುಕಿಯ ಪಾಪ ಕೂಸಿಗೆ ಹತ್ತಿತು ಎಂದರು. ಕಾಶವ್ವ ಬಾಗಿಲವರೆಗೆ ಹೋಗಿ ನಿಂತಳು, ಚಂಪಾ ಒಳಗೆ ಬಿಡಲಿಲ್ಲ. ಹಣೆ ಹಚ್ಚಿಬಿಡಲೇ ಎಂದು ಅವಳ ಜೀವ ಆಗ ಒಮ್ಮೆ ಹೊಯ್ದಾಡಿದ್ದು ಸುಳ್ಳಲ್ಲ. ಮೊಮ್ಮಗಳ ನರಳಾಟ ತಟ್ಟಿಯಾಚೆಗೆ ಕೇಳುತ್ತಿತ್ತು. ಮೊಳಕಾಲು ಊರಲು ಹೋದಳು, ನೆಲ ಕಂಡಿತು. ನೆಲದ ಮೇಲೆ ಕೊಂಡಿ ಕಿತ್ತ ತೂತಿದ್ದ ಚೌಕಟ್ಟಿನ ಚೂರು ಬಿದ್ದಿತ್ತು. ಎದ್ದು ಮನೆಗೆ ಹೋಗಿ, ಸಂಜೆ ಮರೆಪ್ಪನನ್ನು ದಾರಿಯಲ್ಲೇ ತಡೆದು, ಕೂಸನ್ನು ಎತ್ತಿಸಿ ಮುನ್ಸಿಪಾಲಿಟಿ ದವಾಖಾನೆಗೆ ಕಳಿಸಿದಳು.

ಗುಳಿಗೆ ನುಂಗಿ ಜ್ವರ ಬಿಟ್ಟಿತು. ದೇವಿ ಕ್ಷಮಿಸಿದಳು ಎಂದರು ಸಾಲಿನವರು. ಕಾಯಿ ಒಡೆದರು. ಗುಳಿಗೆಯ ಹೆಸರನ್ನು ಯಾರೂ ಎತ್ತಲಿಲ್ಲ. ಸುಂದ್ರವ್ವ ಕಾಯಿಚೂರು ತಂದುಕೊಟ್ಟಾಗ ಕಾಶವ್ವ ಅದನ್ನು ಕೋಳಿಗೆ ಹಾಕಿದಳು.

ಹಬ್ಬ ಕಳೆದು ದೀಪಾವಳಿ ಬಂತು, ಹೋಯಿತು. ಮರೆಪ್ಪನ ಬಾಗಿಲಿಗೆ ಕೊಂಡಿ ಮಾತ್ರ ಬರಲಿಲ್ಲ. ಬಾಗಿಲನ್ನು ಒಂದು ಸುತಳಿಯಿಂದ ಕಟ್ಟಿ ಕೆಲಸಕ್ಕೆ ಹೋಗುತ್ತಿದ್ದರು.

“ಯಾಕೋ, ಮಂದಿ ಮನಿಗೆಲ್ಲಾ ಬಾಗಿಲ ಕೂಡಸಾಂವ, ನಿನ್ನ ಮನಿಗೆ ಒಂದ ಕೊಂಡಿ ಹಾಕಾಕ ಆಗವಲ್ದೇನು?” ಎಂದು ಕಾಶವ್ವ ಕೇಳಿದಳು.

“ಮೊಳಿ ಸಿಗವಲ್ಲವು ಅವ್ವಾ,” ಎಂದ ಮರೆಪ್ಪ, ಬೇರೆ ಕಡೆ ನೋಡುತ್ತ.

ಮುಂಬಯಿಯಲ್ಲಿ ಮೊಳೆ ಸಿಗುವುದಿಲ್ಲವಂತೆ! ಒಂದು ದಿನ ಅವನು ಮೊಳೆ ತಂದದ್ದನ್ನು ಕಾಶವ್ವ ಕಣ್ಣಾರೆ ಕಂಡಳು. ಮರುದಿನ ನೋಡಿದರೆ ಚಂಪಾ ಆ ಮೊಳೆಗಳನ್ನು ಹೊರಗಿನ ಕಂಬಕ್ಕೆ ಬಡಿದು, ಒಳಗಿದ್ದ ಬಟ್ಟೆಯ ಹಗ್ಗವನ್ನು ಅಲ್ಲಿಗೆ ಕಟ್ಟಿದ್ದಳು. ಹಾಸಿಗೆ ಈಗ ಬಿಸಿಲಲ್ಲಿ ಒಣಗುತ್ತಿತ್ತು. ಕಾಶವ್ವ ಅದನ್ನು ನೋಡಿದಳು. ಚಂಪಾ ಅತ್ತೆಯನ್ನು ನೋಡಿದಳು. ನವರಾತ್ರಿಯಿಂದ ಇಬ್ಬರೂ ಮಾತು ಬಿಟ್ಟಿದ್ದರಲ್ಲ.

“ಅಲ್ಲೋ ಮರೆಪ್ಪಾ, ಮನೀನೋ ದನದ ಕೊಟ್ಟಿಗ್ಯೋ ಇದು?” ಎಂದು ಶೆಟ್ಟೆಪ್ಪ ಸುತಳಿ ಕಂಡಾಗಲೆಲ್ಲ ಹಂಗಿಸುತ್ತಿದ್ದ. ಮರೆಪ್ಪ ನಕ್ಕುಬಿಡುತ್ತಿದ್ದ. ಸುಂದ್ರವ್ವನ ಬಾಗಿಲಿಗೂ ಕೆಲವು ದಿನ ಸುತಳಿ ಬಂತು. ಆಮೇಲೆ ಅವಳ ಗಂಡ ಕೂಗಾಡಿದ, ಮತ್ತೆ ಕೀಲಿ ಬಂತು. ಉಳಿದ ಬಾಗಿಲುಗಳಲ್ಲಿ ಎಂದಿನ ಕೀಲಿಗಳೇ ಇದ್ದವು.

ವರ್ಷ ತಿರುಗಿ ಮತ್ತೆ ನವರಾತ್ರಿ ಬಂತು. ಘಟ ಕೂತ ಬೆಳಿಗ್ಗೆ ಕಾಶವ್ವ ಕಟ್ಟೆಯ ಮೇಲೆ ರೊಟ್ಟಿ ಬಡಿಯುತ್ತಿದ್ದಳು. ಚಂಪಾ ಬುತ್ತಿ ಹಿಡಿದು ಎದುರಿಗೇ ಹೋಗುತ್ತ, ಸುಂದ್ರವ್ವನ ಬಾಗಿಲ ಮುಂದೆ ನಿಂತು, ಅಗತ್ಯಕ್ಕಿಂತ ದೊಡ್ಡ ದನಿಯಲ್ಲಿ ಹೇಳಿದಳು:

“ಬಾಗಲಕ್ಕ ಹರಕ ಸೀರಿ ಅಂಚ ಕಟ್ಟೀನಿ ಯಕ್ಕಾ. ಗಂಟ ಭಾಳ ಸಡ್ಲ ಐತಿ. ಯಾರರೆ ಕೈ ಹಚ್ಚಿದ್ರ ಬಿಚ್ಚಿ ಹೋಗತೈತಿ, ಏನ ಮಾಡೂದು!”

“ಅದನ್ನ ನನಗ್ಯಾಕ ಹೇಳತಿ?” ಎಂದಳು ಸುಂದ್ರವ್ವ.

“ಸುಮ್ಮ ಹೇಳಿದೆ,” ಎಂದು ಚಂಪಾ ಗುಡ್ಡ ಇಳಿದಳು.

ಕಾಶವ್ವ ಬಡಿಯುತ್ತಿದ್ದ ರೊಟ್ಟಿಯನ್ನು ಹಂಚಿಗೆ ಹಾಕಿ, ಬೇಯಿಸಿ, ಇಳಿಸಿ, ಒಲೆಯ ಕಟ್ಟಿಗೆ ಹಿಂದಕ್ಕೆ ಎಳೆದು ನೀರು ಚಿಮುಕಿಸಿ ಆಮೇಲೆ ಎದ್ದಳು. ಸಾಲಿನ ತುದಿಗೆ ಹೋಗಿ ಗಂಟು ಬಿಚ್ಚಿದಳು. ಅದು ಗಂಟೇ ಅಲ್ಲ, ಸುಮ್ಮನೆ ಸುತ್ತಿದ್ದರು.

ಒಳಗೆ ನೀಲಿ ಬಾಗಿಲ ಹತ್ತಿರವೇ ಕೂತಿದ್ದಳು. “ಆಯೀ! ನಾ ಆಕಡೆ ಹೋಗೇ ಇಲ್ಲ. ಎಣ್ಣಿ ಆಯಿ ಬಂದು ಹಾಕತಾಳ, ನೀ ಮುಟ್ಟಬ್ಯಾಡ ಅಂದಾಳ ಅವ್ವ.”

ಮೂಲೆಯಲ್ಲಿ ಕಲ್ಲುಗಣಿಯ ಚಪ್ಪಟೆ ಕಲ್ಲೊಂದರ ಮೇಲೆ ಅಗಲವಾದ ಪರಾತ, ಪರಾತದ ತುಂಬ ನೀರು, ನೀರ ನಡುವೆ ಇಟ್ಟಿಗೆ ಇಟ್ಟು ಅದರ ಮೇಲೆ ಪಣತಿ ಇಟ್ಟಿದ್ದರು. ದೀಪ ಉರುಳಿದರೂ ನೀರಿಗೇ ಬೀಳಬೇಕು. ತಟ್ಟಿಯ ಆ ಭಾಗಕ್ಕೆ ಮರೆಪ್ಪ ಪತ್ರಾ ಬಡಿದಿದ್ದ. ಡಬ್ಬಿ ಕಾಣಲಿಲ್ಲ. ಕಾಶವ್ವ ಮೂಗಿನಿಂದ ಎಳೆದು ನೋಡಿದಳು. ವಾಸನೆ ಇತ್ತು, ಡಬ್ಬಿಯದಲ್ಲ.

ಪಣತಿಗೆ ಕುಸುಬಿ ಎಣ್ಣೆ ಹಾಕಿದಳು. ಬತ್ತಿಯ ಕರಿ ತುದಿಯನ್ನು ಕಡ್ಡಿಯಿಂದ ಕೆಡವಿದಳು. ಮನೆತನದ ದೀಪಕ್ಕೆ ಅವಳು ಎಣ್ಣೆ ಹಾಕಿ ಎಷ್ಟೋ ವರ್ಷವಾಗಿತ್ತು. ಆಮೇಲೆ ತಿರುಗಿ ನೋಡಿದರೆ ಇನ್ನೊಂದು ಮೂಲೆಯಲ್ಲಿ ಸ್ಟೋ. ಹೊಟ್ಟೆ ಭಾಗದಲ್ಲಿ ಜಿಡ್ಡು ಗಟ್ಟಿಯಾಗಿ ಕೂತಿತ್ತು. ಜಿಡ್ಡಿಗೆ ಒಂದು ಸತ್ತ ಜಿರಳೆ ಅಂಟಿಕೊಂಡಿತ್ತು.

“ಥೂ ಇದರ! ಇಷ್ಟೆಲ್ಲಾ ಮಾಡ್ಯಾಳ, ಇದನ್ನ ತಿಕ್ಕಾಕ ಏನ ಧಾಡಿ ಆಗಿತ್ತು ನಿಮ್ಮವ್ವಗ?” ಎಂದಳು ಕಾಶವ್ವ. ಸ್ಟೋವನ್ನು ಸೆರಗಿನ ತುದಿಯಿಂದ ಹಿಡಿದು, ಮುಖ ಹಿಂಡಿಕೊಂಡು, ಹೊರಗೆ ಬಿಸಿಲಿಗೆ ತಂದಳು. “ಹೋಗು ನೀಲೀ, ನನ್ನ ಒಲಿ ಕಡಿಂದ ತಣ್ಣಗಿನ ಬೂದಿ ತಗೊಂಡ ಬಾ. ತೆಂಗಿನ ನಾರೂ ತಾ. ತಂದು ಇಲ್ಲೇ ಹೊಸ್ತಲದ ಮ್ಯಾಲ ಕುಂದರು, ದೀಪದ ಕಡೆ ಕಣ್ಣಿರಲಿ.”

ಕೂಸು ಓಡಿತು. ಕಾಶವ್ವ ತೆರೆದ ಬಾಗಿಲ ಮುಂದೆ ಕುಕ್ಕರಗಾಲಲ್ಲಿ ಕೂತು, ಸ್ಟೋದಲ್ಲಿದ್ದ ಎಣ್ಣೆಯನ್ನು ಬಾಟಲಿಗೆ ಬಸಿದು, ಬಾಟಲಿಗೆ ಬೂಚು ಬಿಗಿದು ದೂರ ಇಟ್ಟಳು. ಆಮೇಲೆ ಬೂದಿ ಬಂತು. ತಿಕ್ಕತೊಡಗಿದಳು.